ಪ್ರತಿಕ್ರಿಯೆ: 90 ನಿಮಿಷದ ಮ್ಯಾಚ್ ಮುಗದು ಅವ್ವನ ಕೈಗೆ ಟಿವಿ ಯಾವಾಗ ಸಿಗತೈತಿ?

ಮಗಾ ಫುಟ್‌ಬಾಲ್ ಮ್ಯಾಚ್ ಹಚ್ಕೊಂಡ ಕುಂತ್ರ ಅವ್ವಗ ಟಿವಿ ಯಾವಾಗ ಸಿಗತೈತಿ ಅಂತ ಕೇಳೀರಿ. ಮಗಾ 90 ನಿಮಿಷ ಅಂದಾನ, ನೀವು ಅದನ್ನ ಒಂದೂವರಿ ತಾಸು ಅಂತ ಹಿಡದೀರಿ, ಗೊಂದಲ ಅಲ್ಲೇ ಆಗೇತಿ ಅನಸ್ತೈತಿ. ನಡುವ 15 ನಿಮಿಷ ಬಿಡುವು ಇರತೈತಿ, ಮತ್ತ ಈ ಆಟದಾಗ ಗಡಿಯಾರ ನಿಲ್ಲಂಗಿಲ್ರಿ, ಪೆಟ್ಟ ಬಿದ್ದು ಹೊರಳಾಡಿದ್ದು, ಆಟಗಾರರನ್ನ ಬದಲಿ ಮಾಡಿದ್ದು ಎಲ್ಲಾ ಲೆಕ್ಕಾ ಹಾಕಿ ರೆಫ್ರಿ ಕಡೀಕ ಟೈಮ್ ಕೂಡಸ್ತಾನ, ಹಿಂಗಾಗಿ ಎರಡ ತಾಸು ಹಿಡೀರಿ.

ಮೊದಲ ಮಗನ್ನ ಕೇಳ್ರಿ, ಲೀಗ್ ಮ್ಯಾಚೋ, ಸೋತವ್ರು ಹೊರಗ ಬೀಳೋ ನಾಕೌಟೋ ಅಂತ. ಅದನ್ನ ನೀವು ಬರದಿಲ್ಲ. ನಾಕೌಟ್ ಸಮ ಆತಂದ್ರ ಬಹಳಷ್ಟು ಕಡೆ ಇನ್ನ 30 ನಿಮಿಷ, ಆಮ್ಯಾಲ ಪೆನಾಲ್ಟಿ, ಅಂದ್ರ ಎರಡೂ ಟೀಮಿನವ್ರು ಸರದಿ ಮ್ಯಾಲ ಗೋಲಿಗೆ ಒದೆಯೂದು. 2022ರ ವರ್ಲ್ಡ್ ಕಪ್ ಫೈನಲ್ ಅರ್ಜೆಂಟೀನಾ ಫ್ರಾನ್ಸ್ 3-3 ಆಗಿ ಪೆನಾಲ್ಟಿತನಕ ಹೋತು, ರಾತ್ರಿ ಎಂಟೂವರಿಗೆ ಚಾಲೂ ಆಗಿದ್ದು, ನಮ್ಮವ್ವಗ ರಿಮೋಟ್ ತೊಡಿಮ್ಯಾಲ ಇಟ್ಕೊಂಡ ಕುಂತಲ್ಲೇ ನಿದ್ದಿ ಹತ್ತಿತ್ತು, ನೋಡಿ ಭಾಳ ಕೆಟ್ಟ ಅನಿಸ್ತು.

ಆಮ್ಯಾಲ ಕಾರ್ಯಕ್ರಮದ ಟೈಮ್ ಬಿಟ್ಟು ಆಟ ಚಾಲೂ ಆಗೋ ಟೈಮ್ ಕೇಳ್ರಿ, ಮೊದಲಿನ ಹರಟಿ ಹೊತ್ತಿನ್ಯಾಗ ಟಿವಿ ಅವ್ವಂದ. ನಡುವಿನ 15 ನಿಮಿಷಾನೂ ಅವ್ವಂದ. ಕಡೀ ಸೀಟಿ ಊದಿದ ಕೂಡ್ಲೆ ರಿಮೋಟ್ ಕೊಡಬೇಕು, ಅದ ಗೋಲ್ ಹತ್ತ ಸಲ ತಿರುಗಿಸಿ ತೋರ್ಸೂದನ್ನ ಮಗಾ ಮೊಬೈಲ್‌ನ್ಯಾಗ ನೋಡ್ಲಿ. ಈ ಮಾತು ಮ್ಯಾಚಿಗಿಂತ ಮೊದಲ ಆಗಬೇಕ್ರಿ, ನಡುವ ಹೇಳಿದ್ರ ಕಿವಿಗೇ ಹೋಗಂಗಿಲ್ಲ.