ಓದುಗರ ಪ್ರಶ್ನೆ: ಕಿರ್ದಿ ಪುಸ್ತಕ ಹೋಯ್ತು, ಕಂಪ್ಯೂಟರ್ ಬಂತು, ನನ್ಗಿನ್ನೇನು ಕೆಲ್ಸ?

ಪ್ರಶ್ನೆ: ನಮಸ್ತೆ ಅಕ್ಕಾ. ನಾನು ಶಿರಸಿ ತಾಲೂಕಿನ ಒಂದು ಹಳ್ಳಿ ಸೊಸೈಟಿಲಿ ಕ್ಲಾರ್ಕು, ವಯಸ್ಸು 49. ಇಷ್ಟು ವರ್ಷ ಕಿರ್ದಿ (ದಿನದ ಜಮಾ-ಖರ್ಚಿನ ಪುಸ್ತಕ), ಖತಾವಣಿ (ಒಬ್ಬೊಬ್ಬರ ಖಾತೆ ಪುಸ್ತಕ) ಎಲ್ಲಾ ಕೈಯಲ್ಲೇ ಬರ್ದವ, ಆಡಿಟಿಗೆ ಬಂದವ್ರೂ ನನ್ನ ಅಕ್ಷರ ಹೊಗಳ್ತಿದ್ರು. ಈಗ ಎಲ್ಲಾ ಕಂಪ್ಯೂಟರಿಗೆ ಏರಿಸ್ತಾ ಇದ್ದಾರೆ. ಹೊಸದಾಗಿ ಸೇರಿದ ಹುಡುಗ ನನ್ನ ಮಗನ ವಯಸ್ಸಿನವ, ಫಟಾಫಟ್ ಟೈಪ್ ಹೊಡೀತಾನೆ, ನಾನು ಒಂದು ಹೆಸರು ಹೊಡೆಯೋದ್ರೊಳಗೆ ಕೌಂಟರಲ್ಲಿ ನಿಂತವ್ರು ನನ್ನ ಮುಖ ನೋಡ್ತಾರೆ. ಅವನತ್ರ ಕೇಳೋಕೂ ನಾಚಿಕೆ. ಬಿಟ್ಟು ತೋಟ ನೋಡ್ಕೊಂಡು ಇರೋಣ ಅಂದ್ರೆ ಇರೋದು ಅರ್ಧ ಎಕರೆ. ಈ ವಯಸ್ಸಲ್ಲಿ ನನ್ಗೆ ಬದಲಾಗೋಕೆ ಆಗತ್ತಾ?
ಹೆಸರು ಬೇಡ, ಶಿರಸಿ

ಉತ್ತರ: ಕೆಲ್ಸ ಬಿಡ್ಬೇಡಿ. ಇದನ್ನ ಮೊದ್ಲು ಹೇಳಿ ಉಳಿದದ್ದು ಆಮೇಲೆ ಹೇಳ್ತೇನೆ.

2022ರ ಜೂನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ, ಅಂದ್ರೆ ರೈತರಿಗೆ ಸಾಲ ಕೊಡೋ ಹಳ್ಳಿ ಸೊಸೈಟಿಗಳ ಕಂಪ್ಯೂಟರೀಕರಣಕ್ಕೆ ಒಪ್ಪಿಗೆ ಕೊಟ್ಟಿದೆ, ಅಂದ್ರೆ ಇದು ಎಲ್ಲಾ ಕಡೆ ಆಗ್ತಿರೋದು, ನಿಮ್ಮನ್ನ ಬದಿಗೆ ಸರಿಸ್ಬೇಕು ಅಂತ ಯಾರೋ ಹೂಡಿದ ಆಟ ಅಂತ ದಯವಿಟ್ಟು ತಿಳ್ಕೋಬೇಡಿ. ಸ್ವಲ್ಪ ದಿನ ನೋಡಿ ಮತ್ತೆ ಪುಸ್ತಕಕ್ಕೇ ಬರ್ತಾರೆ ಅಂತ ಕಾಯೋದೂ ಬೇಡ.

ಈಗ ನಿಮ್ಮ ಕೆಲ್ಸನೇ ನೋಡೋಣ. ಜಮಾ ಎಲ್ಲಿ ಹೋಗ್ಬೇಕು, ಖರ್ಚು ಎಲ್ಲಿ ಹೋಗ್ಬೇಕು, ಸಂಜೆ ಕಿರ್ದಿಲಿ ಉಳಿದ ಶಿಲ್ಕಿಗೂ ಪೆಟ್ಟಿಗೇಲಿರೋ ದುಡ್ಡಿಗೂ ತಾಳೆ ಆಗದಿದ್ರೆ ಎಲ್ಲಿ ಹುಡುಕ್ಬೇಕು, ಇದೆಲ್ಲಾ ನಿಮ್ಗೆ ಗೊತ್ತು. ಕಂಪ್ಯೂಟರ್ ಮಾಡೋದೂ ಅದೇ ಲೆಕ್ಕ, ಕಿರ್ದಿಯಿಂದ ಖತಾವಣಿಗೆ ನೀವು ಕೈಯಲ್ಲಿ ಎತ್ತಿ ಬರೀತಿದ್ದ ಕೆಲ್ಸ ಅದು ತಾನೇ ಮಾಡ್ಕೊಳ್ಳತ್ತೆ ಅಷ್ಟೇ. ಆದ್ರೆ ಒಬ್ಬ ಸದಸ್ಯ ಕಟ್ಟಿದ್ದನ್ನ ಇನ್ನೊಬ್ಬನ ಖಾತೆಗೆ ಹಾಕಿದ್ರೆ ಅದಕ್ಕೇನೂ ಗೊತ್ತಾಗಲ್ಲ, ಎರಡೂ ಕಡೆ ಮೊತ್ತ ಸರಿ ಇದ್ರೆ ತಾಳೆ ಆಯ್ತು ಅಂತಲೇ ತೋರಿಸತ್ತೆ. ಒಂದೇ ಊರಲ್ಲಿ ಗಣಪತಿ ಹೆಗಡೆ ಅಂತ ಮೂರ್ನಾಲ್ಕು ಜನ ಇರೋ ಸೀಮೆ ನಮ್ದು ಮಾರಾಯ್ರೆ! ಯಾರು ಮೇಲಿನಮನೆಯವ್ರು, ಯಾರು ಕೆಳಗಿನಮನೆಯವ್ರು, ಯಾರ ಬೆಳೆಸಾಲ ಅಪ್ಪ ತೀರ್ಕೊಂಡ್ಮೇಲೆ ಮಗನ ಹೆಸರಿಗೆ ಬಂತು, ಹಿಸೆ ಆದ್ಮೇಲೆ ಯಾವ ಸರ್ವೆ ನಂಬರು ಯಾರಿಗೆ ಹೋಯ್ತು, ಇದು ಆ ಹುಡುಗನಿಗೆ ಹೇಗೆ ಗೊತ್ತಿರತ್ತೆ? ಹಳೇ ಬಾಕಿಗಳನ್ನ ಏರಿಸೋ ಈ ಹೊತ್ತಲ್ಲೇ ನಿಮ್ಮಂಥವ್ರು ಪಕ್ಕದಲ್ಲಿ ಕೂತ್ಕೋಬೇಕು, ನೀವು ನೋಡಿದ್ರೆ ಬೇಸರ ಮಾಡ್ಕೊಂಡು ದೂರ ನಿಂತಿದ್ದೀರಿ.

ಭೂಮಿ ಯೋಜನೇಲಿ ಪಹಣಿ ಕಂಪ್ಯೂಟರಿಗೆ ಬಂದಾಗ ಏನಾಯ್ತು ನೆನಪಿದ್ಯಲ್ಲ. ಕೈಬರಹದ ಪಹಣಿಗೆ ಕಾಯೋ ಕಷ್ಟ ತಪ್ಪಿತು, ಅದು ದೊಡ್ಡ ಉಪಕಾರವೇ. ಆದ್ರೆ ಹೆಸರಲ್ಲಿ ಒಂದು ಅಕ್ಷರ ತಪ್ಪು, ಕ್ಷೇತ್ರದಲ್ಲಿ ಗುಂಟೆ ಹೆಚ್ಚುಕಮ್ಮಿ ಅಂತ ತಿದ್ದುಪಡಿಗೆ ತಾಲೂಕು ಆಫೀಸಿಗೆ ಅಲೆಯೋರು ಇವತ್ತಿಗೂ ಇದ್ದಾರೆ. ಏರಿಸೋವಾಗ ಊರು ಬಲ್ಲವ್ರೊಬ್ರು ಕಣ್ಣಾಡಿಸಿದ್ರೆ ಅಂಥದ್ದು ಎಷ್ಟೋ ತಪ್ತಿತ್ತು. ನಿಮ್ಮ ಸೊಸೈಟಿಲಿ ಆ ಕಣ್ಣು ನೀವೇ ಆಗಿ. ಮುಖ್ಯ ಕಾರ್ಯನಿರ್ವಾಹಕರ ಹತ್ರ ನೀವಾಗೇ ಹೋಗಿ, ಮಾರ್ಚ್ 31ರ ಬಾಕಿ ಪಟ್ಟಿ ಪ್ರಿಂಟ್ ತೆಗೆದು ಕೊಡಿ, ಖತಾವಣಿ ಇಟ್ಕೊಂಡು ಒಂದೊಂದೇ ಹೆಸರಿಗೆ ನಾನು ಟಿಕ್ ಹಾಕ್ತೇನೆ ಅನ್ನಿ. ಬೇಡ ಅನ್ನೋರು ಯಾರೂ ಇಲ್ಲ.

ಇನ್ನು ಟೈಪಿಂಗು. ಇದು ಬುದ್ಧಿ ಪ್ರಶ್ನೆನೇ ಅಲ್ಲ, ಬೆರಳಿನ ರೂಢಿ. ಕನ್ನಡ ಟೈಪಿಂಗಿನ ನುಡಿ ಕೀಬೋರ್ಡಾದ್ರೆ ಹೆಚ್ಚಿನ ಅಕ್ಷರ ಇಂಗ್ಲಿಷ್ ಉಚ್ಚಾರದ ಹಾದೀಲೇ ಹೋಗತ್ತೆ, ಕೆಲವು ಮಾತ್ರ ಬೇರೆ. ಡ ಬೇಕಂದ್ರೆ ಡಬ್ಲ್ಯು ಒತ್ಬೇಕು, ಟ ಬೇಕಂದ್ರೆ ಕ್ಯೂ, ಒತ್ತಕ್ಷರಕ್ಕೆ ನಡುವೆ ಎಫ್. ಅಡಿಕೆ ಅಂತ ಬರೆಯೋಕೆ ಎ, ಡಬ್ಲ್ಯು, ಐ, ಕೆ, ಇ. ಅಕ್ಕಿಗೆ ಎ, ಕೆ, ಎಫ್, ಕೆ, ಐ. ಇಷ್ಟನ್ನ ಒಂದು ಚೀಟಿಲಿ ಬರ್ದು ಮಾನಿಟರಿಗೆ ಅಂಟಿಸಿ, ಯಾರು ನೋಡಿದ್ರೂ ನೋಡ್ಲಿ. ದಿನಾ ಸಂಜೆ ಕೌಂಟರ್ ಮುಚ್ಚಿದ್ಮೇಲೆ ಅರ್ಧ ಗಂಟೆ ಕೂತು ನಿಮ್ಮ ಸದಸ್ಯರ ಹೆಸರುಗಳನ್ನೇ ಹೊಡೀರಿ, ಬೇರೆ ಪಾಠ ಬೇಡ, ನಾಳೆ ನಿಮ್ಗೆ ಬೇಕಾಗೋದು ಅದೇ ಹೆಸರು. ಕೈ ಕೂರೋವರೆಗೆ ಜನ ಕಮ್ಮಿ ಇರೋ ಹೊತ್ತಲ್ಲಿ ಮಾತ್ರ ಕಂಪ್ಯೂಟರಲ್ಲಿ ಕೂರ್ತೇನೆ ಅಂತ ಕೇಳಿ ಪಡ್ಕೊಳ್ಳಿ, ಸಂತೆ ದಿನ ಜನರೆದುರು ಕಲಿಯೋಕೆ ಹೋದ್ರೆ ಯಾರಿಗಾದ್ರೂ ಕೈ ನಡುಗತ್ತೆ.

ಹುಡುಗನತ್ರ ಕೇಳೋ ನಾಚಿಕೆ ಬಗ್ಗೆ. ಅವನಿಗೂ ನಿಮ್ಮತ್ರ ಕೇಳೋಕೆ ಬೇಕಾದಷ್ಟಿದೆ, ಹಿರಿಯವ್ರು ಮುಖ ಗಂಟು ಹಾಕ್ಕೊಂಡು ಕೂತಿದ್ರೆ ಅವ್ನು ಹೇಗೆ ಕೇಳ್ತಾನೆ ಹೇಳಿ. ನೀವೇ ಶುರು ಮಾಡಿ. "ತಮ್ಮಾ, ಈ ವೋಚರ್ ಡಿಲೀಟ್ ಮಾಡೋದು ಹೇಗೆ ತೋರ್ಸು, ನಿಂಗೆ ಈ ಮೂರು ಹೆಗಡೇರಲ್ಲಿ ಯಾರು ಯಾರು ಅಂತ ನಾ ಹೇಳ್ತೆ." ಎರಡು ವಾರ ಹೀಗೆ ನಡೀಲಿ, ಆಮೇಲೂ ನಿದ್ದೆ ಬರದಿದ್ರೆ ಮತ್ತೆ ಬರೀರಿ, ಬೇರೆ ದಾರಿ ನೋಡೋಣ.

ಪ್ರಶ್ನೆ: ನಾನು ಕಾರವಾರದ ಬಟ್ಟೆ ಅಂಗಡಿಲಿ ಸೇಲ್ಸ್ ಕೆಲ್ಸ ಮಾಡ್ತೇನೆ. ಈಗ ಮಾಲೀಕರು ವಾಟ್ಸಾಪ್ ಆರ್ಡರ್ ಶುರು ಮಾಡಿದ್ದಾರೆ, ಫೋಟೋ ಹಾಕೋದು, ರಿಪ್ಲೈ ಕೊಡೋದು ಎಲ್ಲಾ ನಾನೇ, ರಾತ್ರಿ ಹತ್ತಾದ್ರೂ ಮುಗಿಯಲ್ಲ. ಸಂಬಳ ಅಷ್ಟೇ. ಕೇಳಿದ್ರೆ "ಕಾಲಕ್ಕೆ ತಕ್ಕ ಹಾಗೆ ಹೊಂದ್ಕೋಬೇಕು" ಅಂತಾರೆ.
ಒಬ್ಬ ಓದುಗಿ, ಕಾರವಾರ

ಉತ್ತರ: ಫೋಟೋ ತೆಗೆಯೋದು, ಗಿರಾಕಿ ಜೊತೆ ಚಾಟಲ್ಲಿ ಮಾತಾಡೋದು ಖಂಡಿತ ಕಲೀರಿ, ನಾಳೆ ಬೇರೆ ಅಂಗಡಿಗೆ ಹೋದ್ರೂ ಆ ಕೆಲ್ಸ ನಿಮ್ಮ ಕೈಲಿರತ್ತೆ. ಆದ್ರೆ ಹೊಸ ಕೆಲ್ಸ ಕಲಿಯೋದು ಬೇರೆ, ಪುಕ್ಕಟೆ ದುಡಿಯೋದು ಬೇರೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಲಿ ಹೆಚ್ಚುವರಿ ಅವಧಿಯ ಕೆಲ್ಸಕ್ಕೆ ಮಾಮೂಲಿ ಸಂಬಳದ ಎರಡು ಪಟ್ಟು ಲೆಕ್ಕದಲ್ಲಿ ಕೊಡ್ಬೇಕು ಅಂತಿದೆ. ಜಗಳಕ್ಕೆ ಹೋಗ್ಬೇಡಿ, ಯಾವ ದಿನ ಎಷ್ಟು ಹೊತ್ತಿನವರೆಗೆ ರಿಪ್ಲೈ ಕೊಟ್ರಿ ಅಂತ ಒಂದು ತಿಂಗಳು ಬರ್ದಿಡಿ, ಚಾಟಲ್ಲೇ ಟೈಮ್ ಇರತ್ತೆ. ಅದನ್ನ ಮಾಲೀಕರ ಮುಂದಿಟ್ಟು, ಸಂಜೆ ಇಷ್ಟು ಗಂಟೆ ಮೇಲೆ ಬಂದ ಮೆಸೇಜಿಗೆ ಬೆಳಿಗ್ಗೆ ಉತ್ತರ ಕೊಡ್ತೇನೆ, ರಾತ್ರಿಯೇ ಬೇಕಂದ್ರೆ ಓಟಿ ಕೊಡಿ ಅಂತ ಕೇಳಿ. ಒಪ್ಪದಿದ್ರೆ ಅದೇ ಪಟ್ಟಿ ಹಿಡ್ಕೊಂಡು ಕಾರ್ಮಿಕ ಇಲಾಖೆ ಕಚೇರಿಗೆ ಹೋಗಬಹುದು.