ಕೊನೆಯ ರೌಂಡಿನ ಹುಡುಗರು

ಅಮೆರಿಕನ್ ಫುಟ್‌ಬಾಲ್ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಹಿಡಿದಿವೆ: ಹೆಸರಿಲ್ಲದ ಕಾಲೇಜು ಆಟಗಾರರನ್ನು ದೊಡ್ಡ ತಂಡಗಳು ಹೇಗೆ ಹುಡುಕುತ್ತವೆ? ನನಗೆ ತುಂಬಾ ಇಷ್ಟವಾದ ವಿಷಯ ಇದು. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಮನೆ ಬಸವೇಶ್ವರನಗರ, ಕೆಲಸ ವೈಟ್‌ಫೀಲ್ಡ್ ಕಡೆ. ಅಮೆರಿಕದ ಕಾಲೇಜು ಪಂದ್ಯಗಳ ವಿಡಿಯೊ ನೋಡಿ, ಯಾರು ಎಲ್ಲಿ ನಿಂತಿದ್ದರು, ಏನು ಮಾಡಿದರು ಅಂತ ಒಂದೊಂದೇ ಪ್ಲೇ ಟ್ಯಾಗ್ ಮಾಡುವ ರಾತ್ರಿ ಪಾಳಿ ನನ್ನದು. ಟೀವಿಯಲ್ಲಿ ಕಾಣದ ಸಣ್ಣ ಕಾಲೇಜುಗಳೇ ಜಾಸ್ತಿ ನನ್ನ ಪಾಲಿಗೆ ಬರುತ್ತವೆ.

ಪ್ರಶ್ನೆ: ನಮ್ಮ ಅಳಿಯ ಡಲ್ಲಾಸ್‌ನಲ್ಲಿದ್ದಾರೆ. ಏಪ್ರಿಲ್ ಬಂತು ಅಂದರೆ ಮನೆಯಲ್ಲಿ ಡ್ರಾಫ್ಟ್‌ನದೇ ಮಾತು. ಇದೂ ನಮ್ಮ ಐಪಿಎಲ್ ಹರಾಜಿನ ಥರಾನೇ ಅಲ್ವಾ? – ಓದುಗರೊಬ್ಬರು, ಜಯನಗರ

ಉತ್ತರ: ಅಲ್ಲಮ್ಮ, ಇಲ್ಲಿ ಯಾರೂ ದುಡ್ಡು ಕೂಗುವುದಿಲ್ಲ. ಕಾಲೇಜು ಆಟಗಾರರನ್ನು ತಂಡಗಳು ಒಬ್ಬೊಬ್ಬರಾಗಿ ಆರಿಸಿಕೊಳ್ಳುವ ಸರದಿ ಇದು. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡ, ಡ್ರಾಫ್ಟ್‌ನಲ್ಲಿ 7 ರೌಂಡು, 3 ದಿನ. ಹಿಂದಿನ ಸೀಸನ್‌ನಲ್ಲಿ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ. ತಂಡಗಳು ಸರದಿಯನ್ನು ತಮ್ಮತಮ್ಮಲ್ಲಿ ಅದಲು ಬದಲು ಮಾಡಿಕೊಳ್ಳಬಹುದು. 2024ರಲ್ಲಿ ಒಟ್ಟು 257 ಹುಡುಗರ ಹೆಸರು ಕರೆದರು. ಹೆಸರು ಬಂದ ಹುಡುಗ ಕರೆದ ತಂಡಕ್ಕೇ ಹೋಗಬೇಕು. ಹೆಸರು ಬಾರದವರ ಫೋನು ಡ್ರಾಫ್ಟ್ ಮುಗಿದ ಕೂಡಲೇ ಬಡಿದುಕೊಳ್ಳಲು ಶುರುವಾಗುತ್ತದೆ. ಅವರು ಯಾವ ತಂಡ ಬೇಕಾದರೂ ಆರಿಸಿಕೊಳ್ಳಬಹುದು. ಕರ್ಟ್ ವಾರ್ನರ್ ಹೆಸರು 1994ರಲ್ಲಿ ಬರಲೇ ಇಲ್ಲ. ಅಯೋವಾದ ಒಂದು ದಿನಸಿ ಅಂಗಡಿಯಲ್ಲಿ ರಾತ್ರಿ ಹೊತ್ತು ಕಪಾಟಿಗೆ ಸಾಮಾನು ಜೋಡಿಸುವ ಕೆಲಸ ಮಾಡಿದ. 1999ರ ಸೀಸನ್‌ನಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ ಅವನೇ. ಲೀಗಿನ ಫೈನಲ್ ಆದ ಸೂಪರ್ ಬೌಲ್ ಕೂಡ ಗೆದ್ದ. ಅಳಿಯಂದಿರ ಹತ್ತಿರ ಈ ಹೆಸರು ಎತ್ತಿ ನೋಡಿ, ಅವರೇ ಕೂತು ಪೂರ್ತಿ ಕತೆ ಹೇಳುತ್ತಾರೆ.

ಪ್ರಶ್ನೆ: ನಾನು ನಿವೃತ್ತ ಪಿಟಿ ಮಾಸ್ತರ. ಒಂದು ದಿನ ಸ್ಟಾಪ್‌ವಾಚ್‌ನಲ್ಲಿ ಕೆಟ್ಟ ಟೈಮ್ ಬಂತು ಅಂತ ಒಳ್ಳೆಯ ಮಕ್ಕಳನ್ನು ಆಯ್ಕೆಯಲ್ಲಿ ಕೈಬಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಷ್ಟು ದುಡ್ಡಿರುವ ಅಮೆರಿಕದಲ್ಲೂ ಹಾಗೇ ಆಗುತ್ತದೆಯೇ? – ಮಲ್ಲೇಶ್ವರ

ಉತ್ತರ: ಆಗುತ್ತದೆ ಮೇಷ್ಟ್ರೇ. ನಿಮಗೆ ಬಿಲ್ ನನ್ ಅವರ ವಿಷಯ ಹೇಳಲೇಬೇಕು.

ನನ್ ಮೊದಲು ಪತ್ರಕರ್ತರು. ಪಿಟ್ಸ್‌ಬರ್ಗ್ ಕೊರಿಯರ್ ಅನ್ನುವ ಕಪ್ಪು ಜನರ ಪತ್ರಿಕೆಯಲ್ಲಿ ಕ್ರೀಡಾ ಸಂಪಾದಕರಾಗಿದ್ದರು. ದಕ್ಷಿಣದ ಕಪ್ಪು ಕಾಲೇಜುಗಳ ಪಂದ್ಯ ನೋಡಿ ಪ್ರತಿ ವರ್ಷ ಅಲ್ಲಿನ ಅತ್ಯುತ್ತಮ ಆಟಗಾರರ ಒಂದು ತಂಡ ಪ್ರಕಟಿಸುತ್ತಿದ್ದರು. ಆ ಕಾಲೇಜುಗಳಿಗೆ ಹೋಗುವ ಸ್ಕೌಟ್‌ಗಳು, ಅಂದರೆ ತಂಡಗಳ ಪರವಾಗಿ ಆಟಗಾರರನ್ನು ಹುಡುಕುವವರು, ಆಗ ಕಮ್ಮಿ. ಹೋದವರೂ ಬೇಗ ಕೆಲಸ ಮುಗಿಸಿ ಹೊರಟುಬಿಡುತ್ತಿದ್ದರು. ನನ್ ಅವರಿಗೆ ಅಲ್ಲಿನ ಕೋಚ್‌ಗಳೆಲ್ಲ ಗೆಳೆಯರು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ 1960ರ ದಶಕದ ಕೊನೆಯಲ್ಲಿ ಅವರನ್ನು ಸ್ಕೌಟ್ ಆಗಿ ಕರೆದುಕೊಂಡಿತು.

1974ರ ಡ್ರಾಫ್ಟ್‌ಗೆ ಮುಂಚಿನ ಮಾತು. ಅಲಬಾಮಾ ಎ ಅಂಡ್ ಎಂ ಕಾಲೇಜಿನಲ್ಲಿ ಜಾನ್ ಸ್ಟಾಲ್‌ವರ್ತ್ ಅನ್ನುವ ರಿಸೀವರ್, ಅಂದರೆ ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವವ, ಇದ್ದ. ಬೇರೆ ಬೇರೆ ತಂಡಗಳ ಸ್ಕೌಟ್‌ಗಳು ಬಂದು ಅವನನ್ನು ಓಡಿಸಿದರು. ಹುಲ್ಲು ಒದ್ದೆಯಾಗಿತ್ತು. ಟೈಮ್ ನಿಧಾನ ಬಂತು. ಎಲ್ಲರೂ ಬರೆದುಕೊಂಡು ಮುಂದಿನ ಊರಿಗೆ ಹೊರಟರು. ನನ್ ಮಾತ್ರ ನನಗೆ ಮೈ ಸರಿಯಿಲ್ಲ ಅಂತ ಹೇಳಿ ಅಲ್ಲೇ ಉಳಿದರು. ಮಾರನೆಯ ದಿನ ಒಣ ನೆಲದಲ್ಲಿ ಅದೇ ಹುಡುಗನನ್ನು ಇನ್ನೊಮ್ಮೆ ಓಡಿಸಿದರು. ಟೈಮ್ ಚೆನ್ನಾಗಿ ಬಂತು. ಸ್ಟೀಲರ್ಸ್ ನಾಲ್ಕನೇ ರೌಂಡಿನವರೆಗೆ ಕಾದು ಅವನನ್ನು ತೆಗೆದುಕೊಂಡಿತು. ಅವನು 4 ಸೂಪರ್ ಬೌಲ್ ಗೆದ್ದು, ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ. ಅದೇ ವರ್ಷ ಸೌತ್ ಕ್ಯಾರೊಲೈನಾ ಸ್ಟೇಟ್‌ನ ಡಾನಿ ಶೆಲ್ ಹೆಸರು ಯಾವ ರೌಂಡಿನಲ್ಲೂ ಬರಲಿಲ್ಲ. ಅವನನ್ನೂ ಸ್ಟೀಲರ್ಸ್ ಕರೆದುಕೊಂಡಿತು, ಅವನೂ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ. ನನ್ ಅವರಿಗೆ ಆ ಗೌರವ ಸಿಕ್ಕಿದ್ದು 2021ರಲ್ಲಿ, ಅವರು ತೀರಿಕೊಂಡ ಮೇಲೆ. ಬದುಕಿದ್ದಾಗಲೇ ಕೊಡಬೇಕಿತ್ತು.

ನನ್ ಸ್ಟಾಪ್‌ವಾಚ್ ಬಿಸಾಡಲಿಲ್ಲ ಅನ್ನುವುದನ್ನು ಗಮನಿಸಿ ಮೇಷ್ಟ್ರೇ. ನಿಧಾನ ಯಾಕೆ ಬಂತು ಅಂತ ಕೇಳಿದರು. ನೆಲ ಒದ್ದೆ ಅನ್ನುವುದು ಒಂದು ದಿನದ ಕಾರಣ, ಹುಡುಗನದಲ್ಲ. ಕಣ್ಣು ತಪ್ಪಿದ ಆಟಗಾರನನ್ನು ಹುಡುಕುವವರು ಮೊದಲು ಕೇಳಬೇಕಾದ್ದು ಇದನ್ನೇ ಅಂತ ನಾನು ನಂಬಿದ್ದೇನೆ: ಇವನನ್ನು ಯಾಕೆ ಬಿಟ್ಟರು? ಆ ಕಾರಣ ನಾಳೆ ಇಲ್ಲವಾಗುವಂಥದ್ದೋ, ಅವನ ಜೊತೆಯಲ್ಲೇ ಇರುವಂಥದ್ದೋ?

ಪ್ರಶ್ನೆ: ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ ಮೇಡಂ. ಕೊನೆಯ ರೌಂಡುಗಳಲ್ಲಿ ಯಾರು ಗೆಲ್ಲುತ್ತಾರೆ ಅಂತ ಊಹಿಸುವ ಮಾಡೆಲ್ ಪ್ರಾಜೆಕ್ಟ್‌ಗೆ ಮಾಡಬೇಕು ಅಂತಿದ್ದೇನೆ. ಯಾವ ಡೇಟಾ ಹಿಡಿಯಲಿ? – ಬನಶಂಕರಿ

ಉತ್ತರ: ಮೊದಲು ಒಂದು ಹೆಸರು ತಿಳಿದುಕೊಳ್ಳಿ: ಸಲಾಂ ಕುರೇಶಿ. ಭಾರತದಲ್ಲಿ ಹುಟ್ಟಿ, ಅಲಿಗಢದಲ್ಲಿ ಓದಿ, ಅಮೆರಿಕದಲ್ಲಿ ಐಬಿಎಂನ ಒಂದು ಅಂಗಸಂಸ್ಥೆಯಲ್ಲಿದ್ದ ಸಂಖ್ಯಾಶಾಸ್ತ್ರಜ್ಞರು. 1960ರ ದಶಕದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಆಟಗಾರರನ್ನು ಕಂಪ್ಯೂಟರಿನಿಂದ ಅಳೆಯಲು ಹೊರಟಾಗ ಆ ಕೆಲಸ ಇವರ ಕೈಗೆ ಬಂತು. ಅಮೆರಿಕನ್ ಫುಟ್‌ಬಾಲ್ ಇವರಿಗೆ ಗೊತ್ತಿರಲಿಲ್ಲ. ಕೋಚ್‌ಗಳು ಹೇಳಿದ ನೂರಾರು ಗುಣಗಳನ್ನು ಸೋಸಿ ಐದಕ್ಕೆ ತಂದು ನಿಲ್ಲಿಸಿದರು: ನಡತೆ, ಚುರುಕು ಮತ್ತು ಮೈಮೇಲಿನ ಹಿಡಿತ, ಗೆಲ್ಲುವ ಛಲ, ಬುದ್ಧಿಯ ಚುರುಕು, ಬಲ. ಸ್ಕೌಟ್‌ಗಳು ಒಂದರಿಂದ ಒಂಬತ್ತರವರೆಗೆ ಅಂಕ ಕೊಡಬೇಕಿತ್ತು. ಐದರಲ್ಲಿ ಮೂರನ್ನು ಟೇಪಿನಿಂದಲೂ ಗಡಿಯಾರದಿಂದಲೂ ಅಳೆಯಲು ಆಗುವುದಿಲ್ಲ ಅನ್ನುವುದನ್ನು ನಿಮ್ಮ ಪ್ರಾಜೆಕ್ಟಿನ ಮೊದಲ ಪುಟದಲ್ಲೇ ಬರೆಯಿರಿ.

ಈಗ ಡೇಟಾ. ಪ್ರತಿ ವರ್ಷ ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರ ಮೈಕಸುವು ಅಳೆಯುವ ಕಂಬೈನ್ ನಡೆಯುತ್ತದೆ. 40 ಗಜದ ಓಟ, ಅಂದರೆ ಸುಮಾರು 36.6 ಮೀಟರ್. ಸುಮಾರು 102 ಕಿಲೊ ಬೆಂಚ್ ಪ್ರೆಸ್. ಎತ್ತರ ಜಿಗಿತ, ಉದ್ದ ಜಿಗಿತ, ತಿರುವಿನ ಓಟ. ಅಂಕಿಗಳು ಸುಲಭವಾಗಿ ಸಿಗುತ್ತವೆ. ಆದರೆ ಅಲ್ಲಿಗೆ ಕರೆ ಬರುವುದು ಮುನ್ನೂರು ಚಿಲ್ಲರೆ ಹುಡುಗರಿಗೆ ಮಾತ್ರ. ನಿಮಗೆ ಬೇಕಾದವರು ಹೆಚ್ಚಾಗಿ ಆ ಪಟ್ಟಿಯ ಹೊರಗಿರುತ್ತಾರೆ. ಅವರಿಗೆ ಮಾರ್ಚ್‌ನಲ್ಲಿ ಕಾಲೇಜುಗಳೇ ನಡೆಸುವ ಇಂಥದ್ದೇ ಪರೀಕ್ಷೆಯ, ಅಂದರೆ ಪ್ರೊ ಡೇಯ, ಅಂಕಿ ಹುಡುಕಿ.

ಎಲ್ಲ ಸ್ಥಾನದವರನ್ನೂ ಒಂದೇ ಮಾಡೆಲ್‌ಗೆ ಹಾಕಬೇಡಿ. ಟಾಮ್ ಬ್ರೇಡಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವ. 40 ಗಜ ಓಡಲು 5.28 ಸೆಕೆಂಡ್ ತೆಗೆದುಕೊಂಡ. 2000ದ ಡ್ರಾಫ್ಟ್‌ನಲ್ಲಿ ಆರನೇ ರೌಂಡು, 199ನೇ ಹೆಸರು. 7 ಸೂಪರ್ ಬೌಲ್ ಗೆದ್ದ. ಅವನು ಆಡಿದ್ದು ಮಿಷಿಗನ್‌ನಲ್ಲಿ, ದೇಶವೆಲ್ಲ ನೋಡುವ ತಂಡ. ಅಲ್ಲಿ ಎಲ್ಲರೂ ಅವನನ್ನು ನೋಡಿಯೇ ಇದ್ದರು. ಕ್ವಾರ್ಟರ್‌ಬ್ಯಾಕ್‌ಗೆ ಈ ಓಟದ ಅಂಕಿ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಅಂಕಿ ಬಿಡಿ. ನೀವು ವಿಡಿಯೊ ನೋಡುವಾಗ ಏನು ನೋಡುತ್ತೀರಿ? – ವಿಜಯನಗರ

ಉತ್ತರ: ಚೆಂಡು ಇಲ್ಲದ ಕಡೆ ನೋಡುತ್ತೇನೆ. ಟೀವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ನಮಗೆ ಬರುವ ವಿಡಿಯೊ ಹಾಗಲ್ಲ, ಎತ್ತರದಿಂದ 22 ಜನರೂ ಕಾಣುತ್ತಾರೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಹೆಸರು ಬೇಡ. ಸಣ್ಣ ಕಾಲೇಜು, ಎರಡನೇ ದರ್ಜೆಯ ವಿಭಾಗ, ಸ್ಥಾನ ಕಾರ್ನರ್‌ಬ್ಯಾಕ್. ಎದುರಾಳಿ ರಿಸೀವರ್‌ಗೆ ಅಂಟಿಕೊಂಡು ಓಡಿ ಚೆಂಡು ಸಿಗದಂತೆ ತಡೆಯುವ ಕೆಲಸ. ಆ ಸೀಸನ್‌ನಲ್ಲಿ ಅವನ ಅಂಕಿ ಬಹಳ ಬಡವಾಗಿತ್ತು. ಚೆಂಡು ಕಸಿದಿದ್ದೇ ಇಲ್ಲ. ಟ್ಯಾಗ್ ಮಾಡುತ್ತಾ ಹೋದಾಗ ಕಾರಣ ಗೊತ್ತಾಯಿತು. ಅವನ ಕಡೆಗೆ ಯಾರೂ ಚೆಂಡು ಎಸೆಯುತ್ತಲೇ ಇರಲಿಲ್ಲ. ಪ್ಲೇ ಶುರುವಾದ ತಕ್ಷಣ ಅವನದು ಹಿಂದಕ್ಕೆ ಸಣ್ಣ ಸಣ್ಣ ಹೆಜ್ಜೆ, ಹಿಮ್ಮಡಿ ಎದ್ದೇ ಇರುತ್ತಿತ್ತು. ಕಣ್ಣು ರಿಸೀವರ್‌ನ ಸೊಂಟದ ಮೇಲೆ. ತಲೆ, ಭುಜ ಎಷ್ಟು ಆಡಿಸಿದರೂ ಇವನು ನಂಬುತ್ತಿರಲಿಲ್ಲ. ಸೊಂಟ ತಿರುಗಿದಾಗ ಮಾತ್ರ ತಾನೂ ತಿರುಗುತ್ತಿದ್ದ, ನಡುವೆ ಒಂದು ಹೆಜ್ಜೆಯೂ ವ್ಯರ್ಥ ಇಲ್ಲ. ಕ್ವಾರ್ಟರ್‌ಬ್ಯಾಕ್ ಒಮ್ಮೆ ಆ ಕಡೆ ನೋಡಿ, ಬೇಡ ಅಂತ ಇನ್ನೊಂದು ಕಡೆಗೆ ಎಸೆಯುತ್ತಿದ್ದ. ಸ್ಕೋರ್‌ಶೀಟಿನಲ್ಲಿ ಇದಕ್ಕೆ ಕಾಲಂ ಇಲ್ಲ. ಡ್ರಾಫ್ಟ್‌ನಲ್ಲಿ ಅವನ ಹೆಸರು ಬರಲಿಲ್ಲ. ಮುಗಿದ ಮೇಲೆ ಒಂದು ತಂಡ ಕ್ಯಾಂಪಿಗೆ ಕರೆಯಿತು. ನನಗೆ ಆ ವಾರವೆಲ್ಲ ಖುಷಿ.

ಇಂಥ ದಾರಿಯಲ್ಲಿ ಬಂದು ಹೆಸರು ಮಾಡಿದವರಿದ್ದಾರೆ. ವೆಸ್ಟ್ ಅಲಬಾಮಾ ಕಾಲೇಜಿನ ಮಾಲ್ಕಮ್ ಬಟ್ಲರ್ 2014ರಲ್ಲಿ ಡ್ರಾಫ್ಟ್ ಆಗಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ಸೂಪರ್ ಬೌಲ್‌ನ ಕೊನೆಯ ನಿಮಿಷದಲ್ಲಿ ಗೋಲ್ ಲೈನ್ ಹತ್ತಿರ ಚೆಂಡು ಕಸಿದು ಪೇಟ್ರಿಯಟ್ಸ್ ತಂಡವನ್ನು ಗೆಲ್ಲಿಸಿದ.

ಇನ್ನೊಂದು ನೋಡುವುದು, ತಂಡ ಸೋಲುತ್ತಿರುವಾಗ ಕೊನೆಯ ಕ್ವಾರ್ಟರ್. ತನ್ನ ಕೈಗೆ ಚೆಂಡು ಬರುವುದಿಲ್ಲ ಅಂತ ಗೊತ್ತಿದ್ದೂ ರಿಸೀವರ್ ಪಕ್ಕದವನಿಗಾಗಿ ಓಡಿಹೋಗಿ ಎದುರಾಳಿಯನ್ನು ತಡೆಯುತ್ತಾನಾ? ಕೂಪರ್ ಕಪ್ ಈಸ್ಟರ್ನ್ ವಾಷಿಂಗ್ಟನ್‌ನಿಂದ ಬಂದವನು. 40 ಗಜಕ್ಕೆ 4.62 ಸೆಕೆಂಡ್, ರಿಸೀವರ್‌ಗೆ ಅದು ನಿಧಾನವೇ. 2017ರಲ್ಲಿ 69ನೇ ಹೆಸರು. 2021ರಲ್ಲಿ 145 ಕ್ಯಾಚ್, 1,947 ಗಜ. ಅವನ ಬ್ಲಾಕಿಂಗ್ ನೋಡಿ. ಚೆಂಡು ಕೈಯಲ್ಲಿಲ್ಲದಾಗಲೂ ಅಷ್ಟೇ ಶ್ರದ್ಧೆ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ರಗ್ಬಿ ಆಡುತ್ತಾನೆ, 17 ವರ್ಷ. ಇಲ್ಲಿಂದ ಅಲ್ಲಿಗೆ ದಾರಿ ಇದೆಯಾ? – ತಾಯಿಯೊಬ್ಬರು, ಕಮ್ಮನಹಳ್ಳಿ

ಉತ್ತರ: ದಾರಿ ಇದೆ, ತುಂಬಾ ಕಿರಿದು. ಬೇರೆ ದೇಶದ ಕ್ರೀಡಾಪಟುಗಳಿಗಾಗಿ ಎನ್‌ಎಫ್‌ಎಲ್ 2017ರಲ್ಲಿ ಒಂದು ಕಾರ್ಯಕ್ರಮ ಶುರುಮಾಡಿತು. ಅದರಿಂದ ಬಂದ ಆಸ್ಟ್ರೇಲಿಯಾದ ಜೋರ್ಡನ್ ಮೈಲಾಟ ರಗ್ಬಿ ಲೀಗ್ ಆಡುತ್ತಿದ್ದವನು. ಅಮೆರಿಕನ್ ಫುಟ್‌ಬಾಲ್ ಪಂದ್ಯ ಒಂದನ್ನೂ ಆಡಿರಲಿಲ್ಲ. ಫಿಲಡೆಲ್ಫಿಯಾ ಈಗಲ್ಸ್ 2018ರಲ್ಲಿ ಏಳನೇ ರೌಂಡಿನಲ್ಲಿ, 233ನೇ ಹೆಸರಾಗಿ ತೆಗೆದುಕೊಂಡಿತು. 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ ತಂಡದ ಲೆಫ್ಟ್ ಟ್ಯಾಕಲ್, ಅಂದರೆ ಕ್ವಾರ್ಟರ್‌ಬ್ಯಾಕ್‌ನ ಎಡಬದಿ ಕಾಯುವವ, ಅವನೇ. ಆದರೆ ಎರಡು ಮೀಟರ್‌ಗೂ ಜಾಸ್ತಿ ಎತ್ತರದ ಮೈಕಟ್ಟು ಅವನದು, ಅದನ್ನು ಮರೆಯಬೇಡಿ. ಮಗನ ಓದು ಬಿಡಿಸಿ ಇದರ ಹಿಂದೆ ಬೀಳಬೇಡಿ ಅಂತ ಅಕ್ಕನ ಹಾಗೆ ಹೇಳುತ್ತೇನೆ. ಫ್ಲ್ಯಾಗ್ ಫುಟ್‌ಬಾಲ್ ಕಲಿಯಲಿ. ತಂಡಕ್ಕೆ ಐವರು, ಹಿಡಿದು ಕೆಡವುವುದು ಇಲ್ಲ, ಸೊಂಟದ ಪಟ್ಟಿ ಎಳೆದರೆ ಸಾಕು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅದೂ ಇದೆ. ರಗ್ಬಿ ಆಡಿದ ಕಾಲಿಗೆ ಬೇಗ ಒಗ್ಗುತ್ತದೆ.

ಪ್ರಶ್ನೆ: ಡ್ರಾಫ್ಟ್ ನೋಡುವುದಾದರೆ ನಮ್ಮ ಟೈಮಿಗೆ ಯಾವಾಗ ಕೂರಬೇಕು? – ಹೆಬ್ಬಾಳ

ಉತ್ತರ: ಮೊದಲ ರೌಂಡ್ ನಮಗೆ ಶುಕ್ರವಾರ ಬೆಳಿಗ್ಗೆ 5:30ಕ್ಕೆ. ಎರಡು, ಮೂರನೆಯದು ಶನಿವಾರ ಬೆಳಗಿನ ಜಾವ 4:30ಕ್ಕೆ. ನಾಲ್ಕರಿಂದ ಏಳು ಶನಿವಾರ ರಾತ್ರಿ 9:30ರಿಂದ. ಒಂದೇ ದಿನ ಆಗುತ್ತದೆ ಅಂದರೆ ಶನಿವಾರ ರಾತ್ರಿ ಕೂರಿ, ಕಡೆಯವರೆಗೂ ಇರಿ. 2022ರಲ್ಲಿ ಎಲ್ಲರಿಗಿಂತ ಕೊನೆಗೆ, 262ನೆಯದಾಗಿ ಬಂದ ಹೆಸರು ಬ್ರಾಕ್ ಪರ್ಡಿ. ಎರಡು ವರ್ಷ ಕಳೆಯುವುದರೊಳಗೆ ಅವನು ಸೂಪರ್ ಬೌಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್. ನಿಮಗೆ ಹಿಡಿಸಿದ ಮೂರು ಹೆಸರು ಬರೆದಿಟ್ಟುಕೊಳ್ಳಿ, ಉಳಿದ ತಂಡಗಳು ಯಾಕೆ ಬಿಟ್ಟಿರಬಹುದು ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ. ಪಟ್ಟಿ ನನಗೂ ಕಳಿಸಿ, ಸೀಸನ್ ಶುರುವಾದ ಮೇಲೆ ಆ ಹುಡುಗರ ವಿಡಿಯೊ ನೋಡಿ ಇಲ್ಲೇ ಬರೆಯುತ್ತೇನೆ.