ಹಳೆಯ ವಾಚಿನ ಒಳಗಿರುವ ಮಷೀನು ಯಾರದು?

ಪ್ರಶ್ನೆ: ನಮ್ಮ ತಾತನವರು ಕಟ್ಟಿಕೊಳ್ಳುತ್ತಿದ್ದ, ದಿನವೂ ಕೀ ಕೊಡಬೇಕಾದ ಕೈಗಡಿಯಾರ ಕೆಳಗೆ ಬಿದ್ದು ನಿಂತುಹೋಗಿದೆ. ಬ್ಯಾಲೆನ್ಸ್ ಸ್ಟಾಫ್ (ಅತ್ತಿತ್ತ ತೂಗಾಡುವ ಬ್ಯಾಲೆನ್ಸ್ ಚಕ್ರದ ಪುಟ್ಟ ಅಚ್ಚು) ಮುರಿದಿದೆ, ಮಷೀನಿನ ನಂಬರು ತಿಳಿದರೆ ಮಾತ್ರ ಹೊಸದನ್ನು ಹುಡುಕಬಹುದು ಎಂದು ರಿಪೇರಿಯವರು ಹೇಳುತ್ತಾರೆ. ಡಯಲ್ ಮೇಲಿನ ಹೆಸರು ಮಾಸಿದೆ. ಒಳಗೆ ‘17 ಜ್ಯುವೆಲ್ಸ್, ಸ್ವಿಸ್’ ಎಂದಷ್ಟೇ ಇದೆ. ಹಿಂಬದಿಯ ಮುಚ್ಚಳದಲ್ಲಿರುವ ಸಂಖ್ಯೆಯಿಂದ ಮಷೀನನ್ನು ಪತ್ತೆಹಚ್ಚಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮುಚ್ಚಳದ ಸಂಖ್ಯೆ ಸಾಮಾನ್ಯವಾಗಿ ಕೇಸಿಗೆ, ಅಂದರೆ ಹೊರಕವಚಕ್ಕೆ ಸೇರಿದ್ದು, ಅದನ್ನು ಹಿಡಿದುಕೊಂಡು ಹುಡುಕಬೇಡಿ. ಡಯಲ್ ಮೇಲಿನ ಹೆಸರು ಅಳಿಸದೇ ಉಳಿದಿದ್ದರೂ ಅದರಿಂದ ಹೆಚ್ಚು ಪ್ರಯೋಜನವಾಗುತ್ತಿರಲಿಲ್ಲ. ಸ್ವಿಟ್ಜರ್ಲೆಂಡಿನ ಬಹುಪಾಲು ವಾಚ್ ಕಂಪನಿಗಳು ಮಷೀನನ್ನು ತಾವೇ ತಯಾರಿಸದೆ, ಎ. ಶೀಲ್ಡ್, ಫೋಂಟೆನ್‌ಮೆಲೋನಿನ ಎಫ್.ಎಚ್.ಎಫ್., ಇ.ಟಿ.ಎ., ಯೂನಿಟಾಸ್, ಪೆಸೋ ಮುಂತಾದ ಕಾರ್ಖಾನೆಗಳಿಂದ ಕೊಂಡು, ತಮ್ಮ ಹೆಸರು ಹಾಕಿ ಮಾರುತ್ತಿದ್ದವು. ಈ ಪೈಕಿ ಎ. ಶೀಲ್ಡ್ ಮತ್ತು ಎಫ್.ಎಚ್.ಎಫ್. ಸೇರಿಕೊಂಡು 1926ರಲ್ಲಿ ಎಬೋಷ್ ಎಸ್.ಎ. ಎಂಬ ಒಕ್ಕೂಟವನ್ನೇ ಕಟ್ಟಿದವು. ಆದ್ದರಿಂದ ನೀವು ಹುಡುಕಬೇಕಾದದ್ದು ವಾಚನ್ನು ಮಾರಿದವರ ಹೆಸರನ್ನಲ್ಲ, ಮಷೀನು ಮಾಡಿದ ಕಾರ್ಖಾನೆಯ ಗುರುತನ್ನು.

ಆ ಗುರುತು ಬಹುಮಟ್ಟಿಗೆ ಬ್ಯಾಲೆನ್ಸ್ ಚಕ್ರದ ಕೆಳಗೆ, ಮುಖ್ಯ ತಟ್ಟೆಯ ಅಂಚಿನ ಬಳಿ ಅಡಗಿರುತ್ತದೆ. ಪುಟ್ಟ ಗುರಾಣಿಯ ಆಕಾರದೊಳಗೆ ಒಂದೆರಡು ಅಕ್ಷರಗಳೂ ಪಕ್ಕದಲ್ಲಿ ಮೂರು ನಾಲ್ಕು ಅಂಕಿಗಳೂ ಇರಬಹುದು. ಓರೆಯಾಗಿ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಕಾಣುತ್ತದೆ. ನಿಮ್ಮ ವಾಚಿನಲ್ಲಿ ಚಕ್ರವನ್ನು ಹೇಗೂ ಬಿಚ್ಚಬೇಕಾಗಿರುವುದರಿಂದ ಕೆಲಸ ಇನ್ನೂ ಸುಲಭ. ಆದರೆ ಬ್ಯಾಲೆನ್ಸ್ ಚಕ್ರವನ್ನು ಮೇಲಿನಿಂದ ಹಿಡಿದಿಡುವ ಸೇತುವೆಯ ಮೇಲೆ ಇಂಗ್ಲಿಷಿನ ಮೂರು ದೊಡ್ಡಕ್ಷರಗಳು ಕಂಡರೆ ಮೋಸಹೋಗಬೇಡಿ: ಅಮೆರಿಕಕ್ಕೆ ಕಳುಹಿಸಿದ ಮಷೀನುಗಳ ಮೇಲೆ ಅಲ್ಲಿನ ಆಮದುದಾರರ ಸಂಕೇತವನ್ನು ಹಾಗೆ ಒತ್ತುತ್ತಿದ್ದರು.

ಅಲ್ಲಿ ಏನೂ ಸಿಗದಿದ್ದರೆ ಮುಳ್ಳುಗಳನ್ನೂ ಡಯಲನ್ನೂ ತೆಗೆಸಿ. (ಹೊಳೆಯುವ ಬಣ್ಣ ಹಚ್ಚಿದ ಹಳೆಯ ಮುಳ್ಳುಗಳಲ್ಲಿ ರೇಡಿಯಂ ಇರಬಹುದು, ಕೆರೆಯುವ ಸಾಹಸ ಬೇಡ.) ಕಾರ್ಖಾನೆಯ ಗುರುತು ಕೆಲವೊಮ್ಮೆ ಡಯಲಿನ ಅಡಿಯಲ್ಲೇ ಇರುತ್ತದೆ. ಇಲ್ಲದಿದ್ದರೂ ಚಿಂತೆಯಿಲ್ಲ. ಕೀ ಕೊಡುವುದಕ್ಕೂ ಮುಳ್ಳು ತಿರುಗಿಸುವುದಕ್ಕೂ ಇರುವ ಸನ್ನೆಗಳು (ಲಿವರುಗಳು) ಅಲ್ಲೇ ಇವೆ, ಅವುಗಳ ಮೇಲೆ ಕೂರುವ ಸೆಟ್ಟಿಂಗ್ ಲಿವರ್ ಸ್ಪ್ರಿಂಗಿನ ಆಕಾರ ಒಂದು ಮಷೀನಿನಂತೆ ಇನ್ನೊಂದರಲ್ಲಿ ಇರುವುದು ಅಪರೂಪ. ಬಿಡಿಭಾಗ ಮಾರುವವರ ಹಳೆಯ ಕ್ಯಾಟಲಾಗುಗಳು ಮಷೀನುಗಳನ್ನು ಅಳತೆಯ ಪ್ರಕಾರ ವಿಂಗಡಿಸಿ, ಈ ಸ್ಪ್ರಿಂಗಿನ ಚಿತ್ರದ ಮೂಲಕವೇ ಗುರುತಿಸುತ್ತವೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ನಂಬಲರ್ಹವಾದ ದಾರಿ, ಏಕೆಂದರೆ ಹೆಸರನ್ನು ಯಾರು ಬೇಕಾದರೂ ಕೆತ್ತಬಹುದು, ಆದರೆ ಬೇರೆ ಆಕಾರದ ಸ್ಪ್ರಿಂಗು ಆ ಜಾಗದಲ್ಲಿ ಕೂರುವುದಿಲ್ಲ.

ಮಷೀನಿನ ಅಡ್ಡಳತೆಯನ್ನು ಡಯಲಿನ ಬದಿಯಿಂದ, ಹೊರಚಾಚಿದ ಅಂಚನ್ನು ಬಿಟ್ಟು, ವರ್ನಿಯರ್ ಕ್ಯಾಲಿಪರಿನಲ್ಲಿ ಮಿಲಿಮೀಟರಿನ ಹತ್ತನೆಯ ಭಾಗದವರೆಗೆ ತೆಗೆಯಿರಿ. ಕ್ಯಾಟಲಾಗುಗಳ ‘ಲೀನ್’ ಎಂಬ ಹಳೆಯ ಫ್ರೆಂಚ್ ಮಾನ ಸುಮಾರು 2.256 ಮಿ.ಮೀ. ಆದರೂ ಆ ಲೆಕ್ಕವನ್ನೇ ನೆಚ್ಚಬೇಡಿ: ಪೆಸೋ 7001 ಎಂಬ ತೆಳುವಾದ ಮಷೀನನ್ನು ಹತ್ತೂವರೆ ಲೀನ್ ಎನ್ನುತ್ತಾರೆ, ಗುಣಿಸಿದರೆ 23.7 ಬರುತ್ತದೆ, ನಿಜವಾದ ಅಳತೆ 23.3 ಮಿ.ಮೀ. ಮಾತ್ರ.

ಡಯಲ್ ತೆಗೆದಾಗ ಅದರ ಹಿಂಬದಿಯ ಕಾಲುಗಳನ್ನು ಕತ್ತರಿಸಿ ಅಂಟು ಹಾಕಿರುವುದು ಕಂಡುಬಂದರೆ, ಹಿಂದೆ ಯಾರೋ ಮಷೀನನ್ನೇ ಬದಲಿಸಿರುವ ಸಾಧ್ಯತೆ ಹೆಚ್ಚು. ಆಗ ಒಳಗಿರುವುದು ಸ್ವಿಸ್ ಆಗಿರಲೇಬೇಕೆಂದಿಲ್ಲ; 1961ರಲ್ಲಿ ಸಿಟಿಜನ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಕಾರ್ಖಾನೆಯ ಮಷೀನೂ ಆಗಿರಬಹುದು.

ನಂಬರು ಸಿಕ್ಕಮೇಲೂ ಸ್ಟಾಫ್ ತರಿಸುವ ಮುನ್ನ ಇನ್ನೊಂದನ್ನು ನೋಡಬೇಕು. ಒಂದೇ ನಂಬರಿನ ಮಷೀನು ಇನ್‌ಕಾಬ್ಲಾಕಿನಂತಹ ಆಘಾತ ತಡೆಯುವ ವ್ಯವಸ್ಥೆಯೊಂದಿಗೂ ಅದಿಲ್ಲದೆಯೂ ಬರುತ್ತಿದ್ದುದುಂಟು, ಎರಡಕ್ಕೂ ಸ್ಟಾಫ್ ಬೇರೆ ಬೇರೆ. ಬ್ಯಾಲೆನ್ಸಿನ ನಡುವಿನ ಕಲ್ಲಿನ (ಜ್ಯುವೆಲ್) ಮೇಲೆ ಲೈರ್ ಎಂಬ ಗ್ರೀಕ್ ತಂತಿವಾದ್ಯದ ಆಕಾರದ ಸಣ್ಣ ಸ್ಪ್ರಿಂಗು ಇದ್ದರೆ ಅದು ಇನ್‌ಕಾಬ್ಲಾಕ್. ಬಿದ್ದ ಪೆಟ್ಟಿಗೆ ಸ್ಟಾಫ್ ಮುರಿದಿರುವುದರಿಂದ ನಿಮ್ಮದರಲ್ಲಿ ಬಹುಶಃ ಅಂಥದ್ದು ಇರಲಿಕ್ಕಿಲ್ಲ. ಆದರೂ ನೋಡಿ ಖಚಿತಪಡಿಸಿಕೊಂಡು, ನಂಬರಿನ ಜೊತೆಗೆ ಅದನ್ನೂ ಬರೆದು ಅಂಗಡಿಯವರಿಗೆ ಕಳುಹಿಸಿ.